ಹಿಮದ ನಾಡಿನಲ್ಲಿ ಗಾಡಿಯ ಚಕ್ರ

ಭಾರತ ಯುದ್ಧದಲ್ಲಿ ಕರ್ಣನ ರಥಚಕ್ರವು ನೆಲದಲ್ಲಿ ಹೂತು, ಕೀಳಲು ಬಾರದೆ ನಿಂತ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಕೀಳಲು ಬಾರದ ಚಕ್ರವೊಂದನ್ನು ನಾವೂ ೨೦೨೩ನೆಯ ಮಾರ್ಚಿ ತಿಂಗಳಿನಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಹೊರಗೆ ಕಣ್ಣಾರೆ ಕಂಡೆವು.

ನಮ್ಮ ಮಗಳು ಅಲ್ಲಿ ಸಂಸಾರ ಹೂಡಿದ್ದಾಳೆ. ಒಂದು ಸಾಯಂಕಾಲ ಅಳಿಯಂದಿರು ನಮ್ಮನ್ನೂ ನಾಲ್ಕು ವರ್ಷದ ಮೊಮ್ಮಗಳನ್ನೂ ಕಾರಿನಲ್ಲಿ ಕರೆತರುತ್ತಿರಲು, ಚಕ್ರವು ರಸ್ತೆಯ ಹಳ್ಳಕ್ಕೆ ಬಿದ್ದು ಟೈರಿನ ಗಾಳಿ ಹೋಯಿತು. ಬದಲಿ ಚಕ್ರವಿದ್ದಿತು, ನಟ್ಟುಗಳೂ ಬಿಚ್ಚಿದುವು, ಆದರೆ ಚಕ್ರವು ಮಾತ್ರ ಕಳಚಿ ಬರಲೊಲ್ಲದು! ತಾನು ಕೂರುವ ನಡುವಣ ಉಕ್ಕಿನ ನಾಭಿಗೆ ತುಕ್ಕಿನಿಂದ ಅಂಟಿಹೋಗಿದ್ದಿತು. ಸಹಾಯದ ಗಾಡಿ ಬರುವತನಕ ಒಂದೂವರೆ ಗಂಟೆ ಮಗುವು ನಮ್ಮ ಶಾಲಿನೊಳಗೆ ನಡುಗುತ್ತ ಕುಳಿತಿದ್ದಿತು.

ಇದಕ್ಕೆ ಕಾರಣವೇನು? ಅಲ್ಲಿ ಹಿಮ ಬಿದ್ದಾಗ ರಸ್ತೆಗೆ ಉಪ್ಪು ಎರಚುವರು. ಬರಿಯ ನೀರು ೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುವುದು. ಉಪ್ಪುನೀರು ಅದಕ್ಕಿಂತ ಹೆಚ್ಚಿನ ಚಳಿಯಾದಲ್ಲದೆ ಹೆಪ್ಪುಗಟ್ಟದು. ಗಾಡಿಗಳು ಜಾರದಂತೆ ಮಾಡಿ ಉಪ್ಪು ಪ್ರಾಣ ಕಾಯುವುದು ದಿಟ. ಅದೇ ಉಪ್ಪು ಸಂದುಗಳಲ್ಲಿ ಸೇರಿ ಲೋಹವನ್ನು ತಿನ್ನುವುದೂ ದಿಟ. ಕಡಲ ತೀರದ ಮನೆಗಳ ಕಿಟಕಿಯ ಸರಳುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಕ್ಕು, ಅಲ್ಯೂಮಿನಿಯಂ ಎಂಬ ಎರಡು ಲೋಹಗಳು ತಗುಲಿರುವೆಡೆಯಲ್ಲಿ ಉಪ್ಪುನೀರು ನಿಂತರಂತೂ ಕೇಡು ಇಮ್ಮಡಿ. ರಸ್ತೆಯ ಹಳ್ಳಕ್ಕೂ ಚಳಿಯೇ ಕಾರಣ. ಬಿರುಕಿಗಿಳಿದ ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು ೯ರಷ್ಟು ಉಬ್ಬಿ ರಸ್ತೆಯನ್ನು ಒಡೆಯುವುದು.

ಅಂದು ಬಂದ ಮೆಕ್ಯಾನಿಕ್ಕನು ಚಕ್ರವನ್ನು ಬಡಿದು ಬಿಡಿಸಿ, ಕೆಲವು ಹಿತವಚನಗಳನ್ನು ಹೇಳಿದನು. ಆ ನಾಡಿನಲ್ಲಿ ಮನೆ ಮಾಡಿರುವ ಮಕ್ಕಳುಳ್ಳ ವಾಚಕರಿಗಾಗಿ ಅವುಗಳನ್ನು ಇಲ್ಲಿ ಬರೆದಿದ್ದೇವೆ.

ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚಿ ೧೫ರವರೆಗೆ ಚಳಿಗಾಲದ ಟೈರುಗಳು ಕಡ್ಡಾಯ. ಇವುಗಳನ್ನು ಬೇರೆಯೇ ಒಂದು ಜೊತೆ ಉಕ್ಕಿನ ಚಕ್ರಗಳಿಗೆ ತೊಡಿಸಿಟ್ಟರೆ, ಬೆಲೆಯುಳ್ಳ ಅಲ್ಯೂಮಿನಿಯಂ ಚಕ್ರಗಳು ಉಪ್ಪಿನ ಬಾಯಿಗೆ ಬೀಳವು. ಚಳಿ ತಗ್ಗಿದ ದಿನ ನೋಡಿ, ಚಕ್ರಗಳ ಒಳಮೈಯನ್ನೂ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಆಮ್ಲ ಬೆರೆತ ದ್ರಾವಣಗಳು ಸಲ್ಲವು. ಚಕ್ರ ಬದಲಿಸುವಾಗಲೆಲ್ಲ ನಾಭಿಯ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ನಟ್ಟುಗಳನ್ನು ಅಳತೆಗೆ ತಕ್ಕಂತೆ ಬಿಗಿದು, ಸುಮಾರು ೧೦೦ ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಉಷ್ಣತೆಯು ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡವು ಚದರಂಗುಲಕ್ಕೆ ಸುಮಾರು ಒಂದು ಪೌಂಡು ಇಳಿಯುವುದು. ಗಾಳಿ ಕಡಿಮೆಯಾದ ಟೈರು ಹಳ್ಳದ ಪೆಟ್ಟನ್ನು ನೇರವಾಗಿ ಚಕ್ರಕ್ಕೇ ಮುಟ್ಟಿಸುವುದು.

ನಮ್ಮ ಅಳಿಯಂದಿರು ವಿದ್ಯಾವಂತರು. ಆದರೆ ಒಂದೇ ಜೊತೆ ಚಕ್ರಗಳಿಗೆ ಟೈರನ್ನಷ್ಟೆ ಬದಲಾಯಿಸಿಕೊಂಡು ಬಂದು, ನಾಭಿಯ ಕಡೆಗೆ ಎಂದೂ ನೋಡಿರಲಿಲ್ಲ. ಅರ್ಧ ಗಳಿಗೆಯ ಆ ಉಪೇಕ್ಷೆಗೆ ತಾವೊಬ್ಬರೇ ದಂಡ ತೆತ್ತಿದ್ದರೆ ಚಿಂತೆಯಿರಲಿಲ್ಲ. ತೆತ್ತವಳು ಆ ಮಗು. ಈಗ ಪ್ರತಿವರ್ಷವೂ ಡಿಸೆಂಬರಿಗೆ ಮೊದಲೇ ಅವರು ಬ್ರಷ್ಷು ಹಿಡಿದು ಕುಳಿತುಕೊಳ್ಳುವರೆಂದೂ, ನಟ್ಟುಗಳನ್ನು ಎಣಿಸಿ ಕೊಡುವ ಕೆಲಸ ಮೊಮ್ಮಗಳದೆಂದೂ ಮಗಳು ತಿಳಿಸಿದ್ದಾಳೆ.