ತಾಯಿಯನ್ನು ಮರೆಮಾಡಿದ ಮಾರಾಟ: ಇಂಗ್ಲೆಂಡಿನ ನಾಯಿಮರಿ ವ್ಯಾಪಾರ ಮತ್ತು ಶಾಸನ (1951–2020)

ಸಾಕುಪ್ರಾಣಿಗಳ ಅಂಗಡಿಯಲ್ಲಿ ನಾಯಿಮರಿಯನ್ನು ಕಂಡು ಮನಸೋತವನು ಅದರ ಬೆಲೆಯನ್ನು ಕೇಳುತ್ತಾನೆ, ತಳಿಯನ್ನು ಕೇಳುತ್ತಾನೆ. ಅದರ ತಾಯಿ ಎಲ್ಲಿದೆಯೆಂದು ಕೇಳುವುದು ವಿರಳ. ಕೇಳಿದರೂ ತೋರಿಸಲು ಅಂಗಡಿಯವನ ಬಳಿ ತಾಯಿ ಇರುವುದಿಲ್ಲ. ಈ ಮರೆಯ ಆಶ್ರಯದಲ್ಲಿ ಒಂದು ಕ್ರೂರ ಉದ್ಯಮವು ಹೇಗೆ ಉಳಿದುಕೊಂಡಿತು, ಅದನ್ನು ನೀಗಲು ಇಂಗ್ಲೆಂಡಿನ ಶಾಸನಕ್ಕೆ ಸುಮಾರು 70 ವರ್ಷಗಳು ಏಕೆ ಹಿಡಿದುವು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಅಮೆರಿಕದಲ್ಲಿ 'ಪಪ್ಪಿ ಮಿಲ್' ಎಂದೂ ಬ್ರಿಟನ್ನಿನಲ್ಲಿ 'ಪಪ್ಪಿ ಫಾರಂ' ಎಂದೂ ಕರೆಯಲ್ಪಡುವ ಸ್ಥಳಗಳಲ್ಲಿ ಹೆಣ್ಣುನಾಯಿಗಳನ್ನು ಗೂಡುಗಳಲ್ಲಿ ಕೂಡಿಹಾಕಿ, ವಿಶ್ರಾಂತಿಯಿಲ್ಲದೆ ಸೂಲಿನ ಮೇಲೆ ಸೂಲು ಪಡೆಯಲಾಗುತ್ತದೆ. ಎಳೆಯ ಮರಿಗಳು ದಲ್ಲಾಳಿಗಳ ಕೈಯಿಂದ ಅಂಗಡಿಗಳಿಗೆ ಸಾಗುತ್ತವೆ. ನಾಯಿಯ ಸ್ವಭಾವವು ರೂಪುಗೊಳ್ಳುವುದರಲ್ಲಿ ಹುಟ್ಟಿದ 3ನೆಯ ವಾರದಿಂದ 12ನೆಯ ವಾರದವರೆಗಿನ ಅವಧಿ ನಿರ್ಣಾಯಕವೆಂದು ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಆ ಅವಧಿಯನ್ನೇ ಗೂಡಿನಲ್ಲಿಯೂ ಪ್ರಯಾಣದಲ್ಲಿಯೂ ಕಳೆದ ಮರಿಯು ರೋಗವನ್ನೂ ಅಂಜಿಕೆಯನ್ನೂ ಹೊತ್ತು ಹೊಸ ಮನೆಯನ್ನು ಸೇರುವುದು ಆಶ್ಚರ್ಯವಲ್ಲ.

ಬ್ರಿಟಿಷ್ ಪಾರ್ಲಿಮೆಂಟು 1951ರಲ್ಲಿ ಸಾಕುಪ್ರಾಣಿಗಳ ಕಾಯಿದೆಯನ್ನು ಅಂಗೀಕರಿಸಿ, ಅಂಗಡಿಗಳು ಸ್ಥಳೀಯ ಸಂಸ್ಥೆಯಿಂದ ಲೈಸೆನ್ಸು ಪಡೆಯಬೇಕೆಂದು ವಿಧಿಸಿತು. ಅಧಿಕಾರಿಯು ಅಂಗಡಿಯ ಇಕ್ಕಟ್ಟನ್ನು, ಆಹಾರವನ್ನು, ನೀರನ್ನು ಪರೀಕ್ಷಿಸಬಹುದಾಗಿತ್ತು; ಮರಿಯು ಬಂದ ಕೊಟ್ಟಿಗೆ ಅವನ ದೃಷ್ಟಿಯಿಂದ ಹೊರಗಿತ್ತು. 1973ರ ಕಾಯಿದೆಯು ತಳಿ ಬೆಳೆಸುವ ಸ್ಥಳಗಳಿಗೂ ಲೈಸೆನ್ಸನ್ನು ವಿಸ್ತರಿಸಿತು. 1999ರ ಕಾಯಿದೆಯು ಲೈಸೆನ್ಸು ಪಡೆದವರಲ್ಲಿ ಒಂದು ಹೆಣ್ಣುನಾಯಿಗೆ ಜೀವಮಾನದಲ್ಲಿ 6 ಸೂಲುಗಳ ಮಿತಿಯನ್ನು ಹಾಕಿತು. ಆದರೆ ಇವೆರಡೂ ಅಂಗಡಿಯನ್ನು ನ್ಯಾಯಸಮ್ಮತವಾದ ಮಾರ್ಗವೆಂದೇ ಒಪ್ಪಿದುವು. ಕೊಟ್ಟಿಗೆಗೊಂದು ಲೈಸೆನ್ಸು, ಅಂಗಡಿಗೊಂದು ಲೈಸೆನ್ಸು. ಇವೆರಡರ ನಡುವಿನ ದಾರಿಯಲ್ಲಿ ಮರಿಯ ಮೂಲವು ಮರೆಯಾಗುತ್ತಿತ್ತು. ಕೊಳ್ಳುವವನು ಕಾಣುತ್ತಿದ್ದುದು ಶುಚಿಯಾದ ಅಂಗಡಿಯನ್ನು ಮಾತ್ರ.

ಈ ಮರೆಯನ್ನು ಹರಿಯಲು ನೆರವಾದುದು ಒಂದು ನಾಯಿಯ ಕಥೆ. ವೇಲ್ಸಿನ ಒಂದು ಪಪ್ಪಿ ಫಾರಮಿನಿಂದ 2013ರಲ್ಲಿ ಬಿಡುಗಡೆಗೊಂಡ ಲೂಸಿ ಎಂಬ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್, ಪದೇ ಪದೇ ಮರಿಹಾಕಿದುದರಿಂದಲೂ ಗೂಡಿನ ಇಕ್ಕಟ್ಟಿನಿಂದಲೂ ಬೆನ್ನು ಬಾಗಿ ಜರ್ಜರಿತವಾಗಿತ್ತು. ಅದು 2016ರಲ್ಲಿ ಸತ್ತಿತು. ಅದರ ಹೆಸರಿನಲ್ಲಿ ಚಳವಳಿಯು ಬೆಳೆಯಿತು. 2018ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮಗಳು, ಲೈಸೆನ್ಸು ಪಡೆದ ತಳಿಗಾರನು ಮರಿಯನ್ನು ತಾಯಿಯೊಡನೆಯೇ ತೋರಿಸಬೇಕೆಂದುವು. ಅಂಗಡಿಗೆ ಇದು ಅಸಾಧ್ಯವಾದ ಷರತ್ತು. ಕೊನೆಗೆ 2020ರ ಏಪ್ರಿಲ್ 6ರಂದು ಇಂಗ್ಲೆಂಡಿನಲ್ಲಿ 6 ತಿಂಗಳೊಳಗಿನ ನಾಯಿಮರಿ ಮತ್ತು ಬೆಕ್ಕಿನ ಮರಿಗಳನ್ನು ಮೂರನೆಯವರು ವ್ಯಾಪಾರಕ್ಕಾಗಿ ಮಾರುವುದೇ ನಿಷಿದ್ಧವಾಯಿತು. ಜನರು ಇದನ್ನು 'ಲೂಸಿಯ ಕಾನೂನು' ಎಂದು ಕರೆದರು. ಬೇರೊಂದು ಹೆಣ್ಣುನಾಯಿಯನ್ನು ತಾಯಿಯೆಂದು ತೋರಿಸುವ ವಂಚನೆಗೆ ಇನ್ನೂ ಅವಕಾಶವುಂಟು. ಆದರೆ ಅದನ್ನು ವಂಚನೆಯೆಂದು ಗುರುತಿಸುವ ಅಳತೆಗೋಲು ಈಗ ದೊರೆತಿದೆ.

ಭಾರತದಲ್ಲಿ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಮೊದಲ ಅಪರಾಧಕ್ಕೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ಒಂದು ಮರಿಯ ಬೆಲೆಯೆದುರು ಅದು ಏನೂ ಅಲ್ಲ. ಈ ಕಾಯಿದೆಯ ಅಡಿಯಲ್ಲಿ 2017ರ ನಿಯಮಗಳು ತಳಿಗಾರರಿಗೂ 2018ರ ನಿಯಮಗಳು ಅಂಗಡಿಗಳಿಗೂ ನೋಂದಣಿಯನ್ನು ಕಡ್ಡಾಯಗೊಳಿಸಿದುವು. 8 ವಾರ ತುಂಬದ ಮರಿಗಳ ಮಾರಾಟವನ್ನು ತಡೆದುವು. ಅಂಗಡಿಯ ಮಾರಾಟವನ್ನು ಅವು ನಿಷೇಧಿಸಲಿಲ್ಲ. ಎಂದರೆ, ಇಂಗ್ಲೆಂಡು 1973ರಲ್ಲಿ ಹಿಡಿದ ಮಾರ್ಗವನ್ನೇ ಈ ನಿಯಮಗಳೂ ಹಿಡಿದಿವೆ. ಆ ಮಾರ್ಗವು ಎಲ್ಲಿ ಸೋತಿತೆಂಬುದನ್ನು ಇತಿಹಾಸವು ತಿಳಿಸಿದೆ. ಶಾಸನವು ಮುಂದಿನ ಹೆಜ್ಜೆಯನ್ನಿಡುವವರೆಗೆ ಕಾಯಬೇಕಾಗಿಲ್ಲ. ತಾಯಿಯನ್ನು ತೋರಿಸದೆ ಮರಿಯನ್ನು ಕೊಳ್ಳುವುದಿಲ್ಲವೆಂಬ ನಿರ್ಧಾರವು ಪ್ರತಿಯೊಬ್ಬ ಗ್ರಾಹಕನ ಕೈಯಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.