ತಿರುಗುವ ತಟ್ಟೆಯ ಮೇಲೆ ನಾಣ್ಯವೂ ಗುಂಡೂ

ಮಳೆಯಲ್ಲಿ ನೆನೆದ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಸುತ್ತಲೂ ಸಿಡಿಯುತ್ತವೆ. ತಿರುಗುವ ವಸ್ತುವು ತನ್ನ ಮೇಲಿರುವುದನ್ನೆಲ್ಲ ಹೊರಕ್ಕೆ ಎಸೆಯುತ್ತದೆಂದು ನಾವು ಇದರಿಂದ ಊಹಿಸುವುದು ಸಹಜ. ಈ ಊಹೆಯನ್ನು ಗ್ರಾಮಫೋನಿನ ತಟ್ಟೆಯ ಮೇಲೆ ಪರೀಕ್ಷಿಸಿ ನೋಡೋಣ.

ಮೊದಲು ತಟ್ಟೆಯ ಮೇಲೆ ಒಂದು ನಾಣ್ಯವನ್ನಿಟ್ಟು ಮೆಲ್ಲಗೆ ವೇಗವನ್ನೇರಿಸೋಣ. ನಾಣ್ಯವು ತಟ್ಟೆಯೊಡನೆ ಸುತ್ತುವಾಗ ಅದರ ಚಲನೆಯ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ದಿಕ್ಕು ಬದಲಾಗಬೇಕಾದರೆ ಕೇಂದ್ರದತ್ತ ಸೆಳೆಯುವ ಬಲವೊಂದು ಬೇಕು. ಇಲ್ಲಿ ದಾರದ ಕಟ್ಟಿಲ್ಲ, ಗೋಡೆಯ ತಡೆಯಿಲ್ಲ, ಇರುವುದು ಘರ್ಷಣೆಯೊಂದೇ. ಘರ್ಷಣೆಯೆಂದರೆ ಚಲನೆಗೆ ಅಡ್ಡಿಯೆಂದು ಓದಿದವರಿಗೆ ಇದು ವಿಚಿತ್ರವೆನಿಸೀತು. ಆದರೆ ನಾಣ್ಯವನ್ನು ವೃತ್ತದಲ್ಲಿ ನಡೆಸುತ್ತಿರುವುದು ಅದೇ.

ಘರ್ಷಣೆಗೂ ಒಂದು ಮಿತಿಯುಂಟು. ಅದರ ಗರಿಷ್ಠ ಬಲವು ನಾಣ್ಯದ ತೂಕವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು. ಬೇಕಾಗುವ ಬಲವಾದರೋ ತಟ್ಟೆಯ ವೇಗದ ವರ್ಗಕ್ಕೂ ಕೇಂದ್ರದಿಂದ ನಾಣ್ಯಕ್ಕಿರುವ ದೂರಕ್ಕೂ ಅನುಗುಣವಾಗಿ ಬೆಳೆಯುತ್ತದೆ. ಘರ್ಷಣಾಂಕವು 0.3 ಎಂದು ಭಾವಿಸೋಣ. 1948ರಲ್ಲಿ ಬಳಕೆಗೆ ಬಂದ, ನಿಮಿಷಕ್ಕೆ 33⅓ ಸುತ್ತು ತಿರುಗುವ ಹಾಡಿನ ತಟ್ಟೆಯ ವೇಗದಲ್ಲಿ ನಾಣ್ಯವು ಕೇಂದ್ರದಿಂದ 24 ಸೆಂಟಿಮೀಟರ್ ದೂರದವರೆಗೂ ನಿಲ್ಲಬಲ್ಲದು. ತಟ್ಟೆಯ ತ್ರಿಜ್ಯವೇ 15 ಸೆಂಟಿಮೀಟರಾದುದರಿಂದ ಎಲ್ಲಿಟ್ಟರೂ ಅದು ಜಾರದು. 45 ಸುತ್ತಿಗೆ ಈ ಮಿತಿಯು 13 ಸೆಂಟಿಮೀಟರಿಗೆ ಇಳಿಯುತ್ತದೆ. ಹಳೆಯ ಅರಗಿನ ತಟ್ಟೆಗಳ 78 ಸುತ್ತಿನ ವೇಗದಲ್ಲಿ ನಾಲ್ಕೂವರೆ ಸೆಂಟಿಮೀಟರ್ ಕೂಡ ಇಲ್ಲ! ಹಿಡಿತ ತಪ್ಪಿದ ನಾಣ್ಯವನ್ನು ಯಾರೂ ಹೊರಕ್ಕೆ ತಳ್ಳುವುದಿಲ್ಲ. ಅದು ತಾನು ಹೋಗುತ್ತಿದ್ದ ದಿಕ್ಕಿನಲ್ಲಿಯೇ ಮುಂದುವರಿಯಲು ಹವಣಿಸುತ್ತದೆ, ಅಷ್ಟೆ. ಕೊಡೆಯ ಹನಿಗಳ ಕಥೆಯೂ ಇದೇ.

ಈ ಲೆಕ್ಕದಲ್ಲಿ ನಾಣ್ಯದ ತೂಕ ಎರಡು ಕಡೆಯೂ ಬಂದು ಹೋಗಿಬಿಡುವುದರಿಂದ, ಭಾರವಾದ ನಾಣ್ಯಕ್ಕೆ ಯಾವ ಅನುಕೂಲವೂ ಇಲ್ಲ. ಮರಳು ಚೆಲ್ಲಿದ ತಿರುವಿನಲ್ಲಿ ಸೈಕಲ್ಲು ಜಾರುವುದೂ ಹೀಗೆಯೇ. ವೇಗ ಇಮ್ಮಡಿಯಾದರೆ ಬೇಕಾಗುವ ಘರ್ಷಣೆ ನಾಲ್ಕು ಪಟ್ಟು, ಮರಳು ಕೊಡುವುದಾದರೋ ಬಲು ಸ್ವಲ್ಪ.

ಇಷ್ಟರವರೆಗೆ ಆಶ್ಚರ್ಯಪಡುವಂಥದೇನೂ ಇಲ್ಲ. ಈಗ ತಟ್ಟೆಯ ಮೇಲೆ ಸಮತಟ್ಟಾದ ಗಾಜಿನ ಫಲಕವೊಂದನ್ನು ಬಿಗಿದು, ನಾಣ್ಯದ ಬದಲು ಉಕ್ಕಿನ ಗುಂಡೊಂದನ್ನು ಅದರ ಮೇಲೆ ಮೃದುವಾಗಿ ಬಿಡೋಣ. ನಾಣ್ಯವೇ ಜಾರುವಲ್ಲಿ ಗುಂಡು ನಿಂತೀತೆ ಎಂದು ಯಾರಾದರೂ ಕೇಳಿಯಾರು. ಆದರೆ ಗುಂಡು ಹೊರಕ್ಕೆ ಹಾರುವುದಿಲ್ಲ. ಕ್ಷಣಕಾಲ ಜಾರಿ, ಅನಂತರ ಉರುಳತೊಡಗಿ, ತಟ್ಟೆಯ ಕೇಂದ್ರದ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತದೆ. ತಟ್ಟೆ ಏಳು ಸುತ್ತು ತಿರುಗುವಷ್ಟರಲ್ಲಿ ಗುಂಡಿನದು ಎರಡೇ ಸುತ್ತು. 33⅓ರ ವೇಗದಲ್ಲಿ ತಟ್ಟೆಯ ಒಂದು ಸುತ್ತಿಗೆ 1.8 ಸೆಕೆಂಡು ಹಿಡಿದರೆ, ಗುಂಡಿನ ಸುತ್ತಿಗೆ 6.3 ಸೆಕೆಂಡು. ಗುಂಡು ಚಿಕ್ಕದಾಗಲಿ ದೊಡ್ಡದಾಗಲಿ, ಈ ಪ್ರಮಾಣ ಬದಲಾಗದು.

ಕೈಯಿಂದ ಸ್ವಲ್ಪ ನೂಕಿಬಿಟ್ಟರೆ ವೃತ್ತದ ಕೇಂದ್ರವು ತಟ್ಟೆಯ ಕೇಂದ್ರವನ್ನು ಬಿಟ್ಟು ಬೇರೆಡೆಗೆ ಸರಿಯುತ್ತದೆ. ಕಾಲವು ಮಾತ್ರ ಅದೇ 6.3 ಸೆಕೆಂಡು.

ಇದಕ್ಕೆ ಕಾರಣವೇನು? ಘರ್ಷಣೆಯು ಗುಂಡಿಗೆ ಕೊಡುವ ನೂಕು ಎರಡು ಕೆಲಸ ಮಾಡುತ್ತದೆ: ಗುಂಡನ್ನು ಸರಿಸುವುದು, ಉರುಳಿಸುವುದು. ತಟ್ಟೆಯನ್ನು ಮುಟ್ಟಿರುವ ಬಿಂದುವಿನ ವೇಗದಲ್ಲಾಗುವ ಬದಲಾವಣೆಯನ್ನು ಏಳು ಪಾಲು ಮಾಡಿದರೆ, ಘನವಾದ ಗುಂಡಿನಲ್ಲಿ ಎರಡು ಪಾಲು ಸರಿಯುವಿಕೆಯಿಂದಲೂ ಐದು ಪಾಲು ಉರುಳುವಿಕೆಯಿಂದಲೂ ಬರುತ್ತವೆ. ಗುಂಡು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದಾಗ ಅದರ ಅಡಿಯ ನೆಲದ ವೇಗವೂ ಬದಲಾಗುತ್ತದೆ. ತಿರುಗುವ ತಟ್ಟೆಯಲ್ಲಿ ಈ ಬದಲಾವಣೆ ಸರಿದ ದಿಕ್ಕಿಗೆ ಯಾವಾಗಲೂ ಲಂಬವಾಗಿರುತ್ತದೆ. ಅದರ ಏಳರಲ್ಲೆರಡು ಪಾಲು ಗುಂಡಿನ ವೇಗಕ್ಕೆ ಸೇರುವುದರಿಂದ, ಘರ್ಷಣೆಯು ಗುಂಡನ್ನು ಮುಂದಕ್ಕೂ ನೂಕದೆ ಹಿಂದಕ್ಕೂ ಎಳೆಯದೆ ಪಕ್ಕಕ್ಕೆ ಮಾತ್ರ ತಿರುಗಿಸುತ್ತಿರುತ್ತದೆ. ಹಾಗೆ ತಿರುಗುವ ದಾರಿಯೇ ವೃತ್ತ. ಪಿಂಗ್‌ಪಾಂಗ್ ಚೆಂಡಿನಂಥ ಟೊಳ್ಳು ಗೋಳದಲ್ಲಿ ಈ ಪಾಲು ಐದರಲ್ಲೆರಡು. ಅದರ ಸುತ್ತು 4.5 ಸೆಕೆಂಡಿಗೇ ಮುಗಿಯುತ್ತದೆ.

ಕಾಂತಕ್ಷೇತ್ರದಲ್ಲಿ ವಿದ್ಯುದಾವೇಶವುಳ್ಳ ಕಣವೊಂದು ನಡೆಯುವ ರೀತಿಯೂ ಇದೇ ಆಗಿದೆ. ಅಲ್ಲಿಯೂ ಬಲವು ವೇಗಕ್ಕೆ ಸದಾ ಲಂಬ. ಕಣದ ವೇಗ ಹೆಚ್ಚಿದರೂ ಸುತ್ತಿನ ಕಾಲ ಹೆಚ್ಚದು. ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಗ್ರಾಮಫೋನಿನ ಒಂದು ಬದಿಗೆ ತೆಳ್ಳನೆಯ ಪುಸ್ತಕವನ್ನು ಕೊಟ್ಟು ತಟ್ಟೆಯನ್ನು ತುಸು ಓರೆಮಾಡಿದರೆ, ಗುಂಡು ಇಳಿಜಾರಿನಲ್ಲಿ ಕೆಳಕ್ಕೆ ಉರುಳುವ ಬದಲು ಸುತ್ತುತ್ತ ಸುತ್ತುತ್ತ ಇಳಿಜಾರಿಗೆ ಅಡ್ಡಲಾಗಿ ಸಾಗಿ, ತಟ್ಟೆಯ ಪಕ್ಕದ ಅಂಚಿನಿಂದ ಬೀಳುತ್ತದೆ.