ಬೋರ್ಡಿನ ಮೇಲೆ ‘ಸಂಸ್ಥೆ’ ಎಂದಿದ್ದರೆ ಸಾಕೇ? ಐದು ತಪ್ಪು ಕಲ್ಪನೆ, ಐದು ಸತ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಯಾವ ಊರಿನ ಪೇಟೆಗೆ ಹೋದರೂ ಇನ್‌ಸ್ಟಿಟ್ಯೂಟ್, ಸೊಸೈಟಿ, ಟ್ರಸ್ಟ್, ಸೌಹಾರ್ದ ಎಂಬ ಬೋರ್ಡುಗಳಿಗೆ ಬರವಿಲ್ಲ. ಎಲ್ಲವನ್ನೂ ನಾವು ‘ಸಂಸ್ಥೆ’ ಎಂದು ಕರೆದು ಸುಮ್ಮನಾಗುತ್ತೇವೆ. ಆದರೆ ಒಂದೊಂದರ ಹಿಂದೆಯೂ ಬೇರೆ ಬೇರೆ ಕಾನೂನಿದೆ. ಅದು ತಿಳಿಯದೆ ಮಕ್ಕಳ ಫೀಸು ಕಟ್ಟುವವರು, ಮೆಕ್ಕೆಜೋಳ ಮಾರಿದ ದುಡ್ಡನ್ನು ಠೇವಣಿ ಇಡುವವರು ನಮ್ಮ ನಡುವೆಯೇ ಬಹಳ ಜನ ಇದ್ದಾರೆ.

ತಪ್ಪು ಕಲ್ಪನೆ: ಹೆಸರಿನಲ್ಲಿ ‘ಇನ್‌ಸ್ಟಿಟ್ಯೂಟ್’ ಎಂದಿದ್ದರೆ ಸರ್ಕಾರದ ಮಾನ್ಯತೆ ಇದ್ದಂತೆ.

ಸತ್ಯ: ಹೆಸರಿನಿಂದ ಮಾನ್ಯತೆ ಬರುವುದಿಲ್ಲ. ‘ಯೂನಿವರ್ಸಿಟಿ’ ಎಂಬ ಪದಕ್ಕೆ 1956ರ ಯುಜಿಸಿ ಕಾಯ್ದೆಯ ಕಾವಲಿದೆ. ಕಾನೂನಿನ ಮೂಲಕ ಸ್ಥಾಪನೆಯಾಗದವರು ಅದನ್ನು ಹೆಸರಿಗೆ ಸೇರಿಸಿಕೊಳ್ಳುವಂತಿಲ್ಲ. ‘ಇನ್‌ಸ್ಟಿಟ್ಯೂಟ್’ಗೆ ಅಂಥ ಕಾವಲಿಲ್ಲ. 1909ರಲ್ಲಿ ಹುಟ್ಟಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇನ್‌ಸ್ಟಿಟ್ಯೂಟೇ, ಎರಡು ಕೋಣೆಯ ಕಂಪ್ಯೂಟರ್ ತರಬೇತಿ ಕೇಂದ್ರವೂ ಇನ್‌ಸ್ಟಿಟ್ಯೂಟೇ.

ತಪ್ಪು ಕಲ್ಪನೆ: ‘ರಿಜಿಸ್ಟರ್ಡ್’ ಎಂದರೆ ಕೋರ್ಸಿಗೂ ಒಪ್ಪಿಗೆ ಸಿಕ್ಕಿದೆ.

ಸತ್ಯ: ಆಫೀಸಿನ ಗೋಡೆಗೆ ಫ್ರೇಮು ಹಾಕಿ ತೂಗುಹಾಕಿದ ನೋಂದಣಿ ಪತ್ರವನ್ನು ಒಮ್ಮೆ ಪೂರ್ತಿ ಓದಿ. ಸಂಘದ ಹೆಸರು, ನೋಂದಣಿ ಸಂಖ್ಯೆ, ತಾರೀಖು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಉಲ್ಲೇಖ, ನೋಂದಣಾಧಿಕಾರಿಯ ಸಹಿ-ಮೊಹರು ಅದರಲ್ಲಿರುತ್ತವೆ. ಪಾಠ, ಪರೀಕ್ಷೆ, ಪದವಿಯ ಸುದ್ದಿಯೇ ಇರುವುದಿಲ್ಲ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಶಾಲೆಗೆ ಶಿಕ್ಷಣ ಇಲಾಖೆ, ನರ್ಸಿಂಗಿಗೆ ನರ್ಸಿಂಗ್ ಕೌನ್ಸಿಲ್, ಪದವಿಗೆ ವಿಶ್ವವಿದ್ಯಾಲಯ ಕೊಡುವ ಮಾನ್ಯತೆಯೇ ಬೇರೆ. ಕೇಳಬೇಕಾದದ್ದು ಆ ಮಾನ್ಯತೆಯ ಪತ್ರವನ್ನು.

ತಪ್ಪು ಕಲ್ಪನೆ: ಹಳ್ಳಿಯ ಸೊಸೈಟಿ ಸರ್ಕಾರದ ಆಫೀಸು, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ.

ಸತ್ಯ: ಬೆಳೆಸಾಲ, ಗೊಬ್ಬರ ಕೊಡುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಷೇರು ಹಾಕಿದ ರೈತರದ್ದೇ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನಡೆಯುವ ಈ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ನಾಡಿನ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ದೂರವೇನಲ್ಲ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ವಾರ್ಷಿಕ ಮಹಾಸಭೆಯ ನೋಟಿಸು ಬಂದಾಗ ಹೋಗಿ ಕುಳಿತು ಲೆಕ್ಕ ಕೇಳುವುದು ಸದಸ್ಯನ ಹಕ್ಕು. ಆ ಹಕ್ಕನ್ನು ನಾವೇ ಬಿಟ್ಟುಕೊಟ್ಟು, ಆಮೇಲೆ ಆಡಳಿತ ಮಂಡಳಿಯನ್ನು ಬೈದರೆ ಏನು ಬಂತು?

ತಪ್ಪು ಕಲ್ಪನೆ: ಸೌಹಾರ್ದ ಸಹಕಾರಿಯೂ ಬ್ಯಾಂಕೇ, ಠೇವಣಿಗೆ ವಿಮೆ ಇದ್ದೇ ಇರುತ್ತದೆ.

ಸತ್ಯ: ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ. 2020ರ ಫೆಬ್ರುವರಿಯಿಂದ ಅದರ ಮಿತಿ, ಬಡ್ಡಿಯೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿ. ಸೌಹಾರ್ದವೂ ಸೇರಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಹಕಾರಿಗಳಿಗೆ ಈ ವಿಮೆ ಇಲ್ಲ. ಪರವಾನಗಿ ಇಲ್ಲದೆ ‘ಬ್ಯಾಂಕ್’ ಎಂಬ ಪದ ಬಳಸಬಾರದೆಂದು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಸಹಕಾರ ಸಂಘಗಳನ್ನು ಎಚ್ಚರಿಸಿದೆ. ಚೆನ್ನಾಗಿ ನಡೆಯುವ ಸಹಕಾರಿಗಳು ಖಂಡಿತ ಇವೆ. ಆದರೂ ಹೆಚ್ಚು ಬಡ್ಡಿಯ ಮಾತು ಕೇಳಿದಾಗ ಪರವಾನಗಿ ಮತ್ತು ಆಡಿಟ್ ವರದಿಯನ್ನು ಮೊದಲು ನೋಡಿ.

ತಪ್ಪು ಕಲ್ಪನೆ: ಗುಡಿ, ಮಠ ಎಲ್ಲವೂ ಮುಜರಾಯಿ ಕೈಯಲ್ಲೇ ಇವೆ.

ಸತ್ಯ: 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಕ್ಕೂ, ಮಠಕ್ಕೆ ಸೇರಿದ ಗುಡಿಗೂ ಅನ್ವಯವಾಗುವುದಿಲ್ಲ. ಕಾರ್ಣಿಕಕ್ಕೆ ಹೆಸರಾದ ಹಡಗಲಿ ತಾಲ್ಲೂಕಿನ ಮೈಲಾರಲಿಂಗೇಶ್ವರ ದೇವಸ್ಥಾನ ಮುಜರಾಯಿಗೆ, ಅಂದರೆ ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ್ದು. ವೀರಶೈವ ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿಯ ಪೀಠ ನಡೆಯುವುದು ತನ್ನ ಗುರುಪರಂಪರೆಯ ಮೇಲೆ. ಭಕ್ತರ ಕಣ್ಣಿಗೆ ಎರಡೂ ಪವಿತ್ರ; ಹುಂಡಿಯ ಲೆಕ್ಕ ಯಾರಿಗೆ ಒಪ್ಪಿಸಬೇಕು ಎಂಬಲ್ಲಿ ಮಾತ್ರ ದಾರಿ ಬೇರೆ.

ಜಿಲ್ಲೆ ಬದಲಾದರೂ ಸಂಸ್ಥೆ ಅಳಿಯುವುದಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ಸಂಘಗಳು ಇದರಿಂದ ರದ್ದಾಗಲಿಲ್ಲ. ಲೆಕ್ಕಪತ್ರ ಒಪ್ಪಿಸುವ ಕಚೇರಿ ಬದಲಾಯಿತು, ಅಷ್ಟೆ. ಬಳ್ಳಾರಿಯಲ್ಲಿ 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ ಕಟ್ಟಿದವರ ಕಾಲ ಮುಗಿದ ಮೇಲೂ ಉಳಿದು ಬಂದಿದೆ. ಸಂಸ್ಥೆ ಎಂದರೆ ಹೀಗೆ ಅಧ್ಯಕ್ಷರಿಗಿಂತ, ಕಟ್ಟಡಕ್ಕಿಂತ ಹೆಚ್ಚು ಕಾಲ ಬಾಳುವ ನಿಯಮ. ಆ ನಿಯಮ ಬದುಕಿರಬೇಕಾದರೆ ಸದಸ್ಯರು, ಪೋಷಕರು, ಠೇವಣಿದಾರರು ಮೂರು ಪ್ರಶ್ನೆಗಳನ್ನು ಕೇಳಲೇಬೇಕು: ಯಾವ ಕಾಯ್ದೆಯಡಿ ನೋಂದಣಿ? ಮಾನ್ಯತೆ ಯಾರದ್ದು? ಲೆಕ್ಕ ತಪಾಸಣೆ ಯಾವಾಗ ಆಯಿತು?